ಗಾಲಿಯಕ್ಕನ ಹನ್ನೊಂದು ವರ್ಷ

ವಿಮಾನ ನಿಲ್ದಾಣದ ರೈಲು ಸ್ಟೇಷನ್ನಿನಲ್ಲಿ ಎಲ್ಲರೂ ಅವಳನ್ನು ಗಾಲಿಯಕ್ಕ ಎಂದೇ ಕರೆಯುತ್ತಿದ್ದರು. ಎದೆಯ ಮೇಲಿನ ಬಿಲ್ಲೆಯಲ್ಲಿ ಹೆತ್ತವರು ಇಟ್ಟ ಹೆಸರೇನೋ ಇತ್ತು, ಅದನ್ನು ಓದುವ ಪುರುಸೊತ್ತು ಯಾರಿಗೂ ಇರಲಿಲ್ಲ. ವಿಮಾನ ಇಳಿದು ಊರೊಳಗಿನ ಹೋಟೆಲಿಗೋ ಮನೆಗೋ ರೈಲಿನಲ್ಲಿ ಹೋಗುವವರ ಪೈಕಿ ನಡೆಯಲಾರದವರಿದ್ದರೆ ಅವರನ್ನು ಗಾಲಿಕುರ್ಚಿಯಲ್ಲಿ ಕೂರಿಸುವುದು, ಲಿಫ್ಟಿನಲ್ಲಿ ಇಳಿಸುವುದು, ಪ್ಲಾಟ್‌ಫಾರಂಗೂ ಬೋಗಿಗೂ ನಡುವೆ ಹಲಗೆ ಹಾಸಿ ಒಳಗೆ ತಳ್ಳುವುದು, ಇಳಿಯುವ ಸ್ಟೇಷನ್ನಿನ ಗೇಟು ದಾಟಿಸಿ ಅವರ ಕಡೆಯವರಿಗೆ ಒಪ್ಪಿಸಿ ಸಹಿ ಹಾಕಿಸಿಕೊಳ್ಳುವುದು. ಇದಿಷ್ಟು ಅವಳ ಕೆಲಸ. ಎಂಟು ವರ್ಷದಲ್ಲಿ ಅವಳ ಕುರ್ಚಿಯಿಂದ ಒಬ್ಬರೂ ಬಿದ್ದಿರಲಿಲ್ಲ.

ಮನೆಯಲ್ಲೂ ಅದೇ ಕೆಲಸ. ಅತ್ತೆಯ ಎರಡೂ ಮಂಡಿ ಕೈಕೊಟ್ಟು ಐದು ವರ್ಷವಾಗಿತ್ತು. ಬೆಳಗ್ಗೆ ಅವರ ಕಂಕುಳಿಗೆ ಕೈಹಾಕಿ ಎತ್ತಿ, ಬಚ್ಚಲಿಗೆ ಕರೆದೊಯ್ದು, ಮೈ ಒರೆಸಿ, ತಟ್ಟೆ ಮುಚ್ಚಿಟ್ಟು ಹೊರಟರೆ ಅವಳು ಮತ್ತೆ ಬರುವುದು ಮಧ್ಯಾಹ್ನ ಎರಡೂವರೆಗೆ. ಗಂಡ ಬಸ್ ಡ್ರೈವರು, ಅವಳಿಗಿಂತ ಮೊದಲೇ ಮನೆ ಬಿಡುತ್ತಿದ್ದ. ನಡುವೆ ಒಮ್ಮೆ ಪಕ್ಕದ ಮನೆಯವರು ಬಂದು ಇಣುಕಿ ಹೋಗುತ್ತಿದ್ದರು, ಆದರೆ ಹೊರಗಿನವರ ಕೈ ಹಿಡಿದು ಬಚ್ಚಲಿಗೆ ಹೋಗುವುದಿಲ್ಲ ಎಂಬುದು ಅತ್ತೆಯ ಹಟ. "ನನ್ನ ಸೊಸೆ ಬರಲಿ" ಎಂದು ಹಲ್ಲು ಕಚ್ಚಿ ಕೂತಿರುತ್ತಿದ್ದರು. ನೋಡಿದವರಿಗೆ ಆಹಾ, ಎಂಥ ಅತ್ತೆ, ಎಂಥ ಸೊಸೆ ಅನ್ನಿಸಬೇಕು. ಅನ್ನಿಸಿದರೆ ಅನ್ನಿಸಲಿ, ಅವರ ಗಂಟೇನು ಹೋಯಿತು! ಆ ಮನೆಯಲ್ಲಿ ಅವಳು ಹನ್ನೊಂದು ವರ್ಷದಿಂದ ಕಳ್ಳಿಯಾಗಿದ್ದಳು.

ಅದು ಹೀಗೆ. ಮೊದಲು ಅವಳು ಊರ ನಡುವಿನ ದೊಡ್ಡ ಹೋಟೆಲಿನಲ್ಲಿ ರೂಮು ಶುಚಿ ಮಾಡುತ್ತಿದ್ದಳು. ಮೂರನೇ ಮಹಡಿ, ದಿನಕ್ಕೆ ಹದಿನಾಲ್ಕು ರೂಮು. ಹಾಸಿಗೆಯ ಬಿಳಿ ಬಟ್ಟೆಯನ್ನು ಸುಕ್ಕಿಲ್ಲದಂತೆ ಎಳೆದು ಮೂಲೆ ಮಡಿಸುವುದರಲ್ಲಿ ಅವಳನ್ನು ಮೀರಿಸುವವರು ಅಲ್ಲಿರಲಿಲ್ಲ. ಮಹಡಿಗಳ ಉಸ್ತುವಾರಿ ನೋಡುವ ಮ್ಯಾನೇಜರಿಗೆ ಕೆಲಸದವರು ಇಟ್ಟ ಅಡ್ಡಹೆಸರು ಇಸ್ತ್ರಿ. ಕೂತರೂ ನಿಂತರೂ ಅವನ ಪ್ಯಾಂಟಿನ ಗೆರೆ ಮುರಿಯುತ್ತಿರಲಿಲ್ಲ. ಹೋದಲ್ಲೆಲ್ಲ ತೋರುಬೆರಳನ್ನು ಮೇಜಿನ ಮೇಲೆ ಎಳೆದು, ದೂಳು ಹತ್ತಿತೇ ಎಂದು ಎತ್ತಿ ನೋಡುವುದು ಅವನ ಚಟ. ಒಂದು ದಿನ ಮುನ್ನೂರ ಏಳನೇ ರೂಮಿನ ಹೆಂಗಸಿನ ಉಂಗುರ ಕಾಣೆಯಾಯಿತು. ಆ ರೂಮಿಗೆ ಹೋಗಿದ್ದವಳು ಇವಳೊಬ್ಬಳೇ. ಇಸ್ತ್ರಿ ಇವಳನ್ನು ರಿಸೆಪ್ಷನ್ನಿಗೆ ಕರೆಸಿ, ಬಂದು ಹೋಗುವ ಜನರೆಲ್ಲರ ಮುಂದೆ ಇವಳ ಚೀಲವನ್ನು ಕೌಂಟರಿನ ಮೇಲೆ ಸುರಿಸಿದ. ಬಾಚಣಿಗೆ ಬಿತ್ತು, ಬಸ್ ಪಾಸು ಬಿತ್ತು, ಊಟದ ಡಬ್ಬಿ ಬಿತ್ತು. ಡಬ್ಬಿಯನ್ನೂ ತೆಗೆಸಿ, ಅನ್ನವನ್ನು ಚಮಚದಲ್ಲಿ ಕೆದಕಿಸಿದ. ಏನೂ ಸಿಗಲಿಲ್ಲ. "ಎಲ್ಲೋ ದಾಟಿಸಿದಾಳೆ ಮೇಡಂ, ಇಂಥವರನ್ನ ನಾವು ಒಂದು ಗಳಿಗೆ ಇಟ್ಕೊಳ್ಳಲ್ಲ" ಎಂದು ಉಂಗುರದ ಹೆಂಗಸಿಗೆ ಹೇಳಿ, ನಿಂತ ನಿಲುವಿನಲ್ಲಿ ಕೆಲಸದಿಂದ ತೆಗೆದ.

ಸುದ್ದಿ ಅವಳಿಗಿಂತ ಮೊದಲೇ ಮನೆ ಮುಟ್ಟಿತ್ತು. ಗಂಡ "ಹೋಗ್ಲಿ ಬಿಡು, ಬೇರೆ ಕೆಲಸ ಸಿಗುತ್ತೆ" ಅಂದ. ನೀನು ಅಂಥವಳಲ್ಲ ಎಂದು ನನಗೆ ಗೊತ್ತು ಅನ್ನಲಿಲ್ಲ. ಅತ್ತೆ ಬಾಯಿಬಿಟ್ಟು ಏನನ್ನೂ ಹೇಳಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಬೀರುವಿನ ಬೀಗದ ಕೈ ದಿಂಬಿನ ಕೆಳಗೆ ಹೋಯಿತು, ಅಷ್ಟೆ. ಮನೆಯಲ್ಲಿ ಒಂದು ಕತ್ತರಿ ಕಾಣದಿದ್ದರೂ "ಸಿಗುತ್ತೆ ಬಿಡೇ, ಮನೇಲೇ ಇರುತ್ತೆ, ಎಲ್ಲಿಗೆ ಹೋಗುತ್ತೆ" ಎಂದು ಸೊಸೆಯ ಮುಖ ನೋಡಿ ಮೆಲ್ಲಗೆ ನಗುತ್ತಿದ್ದರು. ತಿಂಗಳಿಗೊಮ್ಮೆ ಬರುವ ನಾದಿನಿ ಹೊರಡುವ ತನಕ ಕೈಚೀಲವನ್ನು ತೊಡೆಯ ಮೇಲಿಂದ ಕೆಳಗಿಡುತ್ತಿರಲಿಲ್ಲ. ಮಾತಿಗೆ ಮಾತು ಕೊಡುತ್ತಿದ್ದ ಹೆಣ್ಣು ತಲೆ ತಗ್ಗಿಸಿ, ಹೂಂ, ಊಹೂಂ ಎರಡರಲ್ಲೇ ಸಂಸಾರ ಮಾಡಿದಳು.

ಒಳಗೆ ಮಾತ್ರ ಬೂದಿ ಮುಚ್ಚಿದ ಕೆಂಡ. ಖಾಲಿ ಕುರ್ಚಿ ತಳ್ಳಿಕೊಂಡು ಬರುವಾಗೆಲ್ಲ ಅವಳು ಇಸ್ತ್ರಿಯನ್ನು ಅದರಲ್ಲಿ ಕೂರಿಸಿ ಏನೇನೋ ಮಾಡುತ್ತಿದ್ದಳು. ಒಂದು ದಿನ ಮೆಟ್ಟಿಲ ಮೇಲಿಂದ ಉರುಳಿಸಿದರೆ ಇನ್ನೊಂದು ದಿನ ಅದೇ ಕೌಂಟರಿನ ಮೇಲೆ ಅವನ ಜೇಬು ಸುರಿಸುತ್ತಿದ್ದಳು. ಇವೆಲ್ಲ ಹೊತ್ತು ಹೋಗಲು. ನಿಜವಾಗಿ ಅವಳಿಗೆ ಬೇಕಿದ್ದದ್ದು ಒಂದೇ ಒಂದು ಮಾತು. ಇವಳು ಕದ್ದಿರಲಿಲ್ಲ ಎಂದು ಅವನ ಬಾಯಿಂದಲೇ ಬರಬೇಕು, ಅತ್ತೆಯ ಕಿವಿಗೇ ಬೀಳಬೇಕು. ಆ ಮಾತಿಗಾಗಿ ಅವಳು ಏನು ಮಾಡಲೂ ತಯಾರಿದ್ದಳು.

ಹೀಗಿರುವಾಗ ಒಂದು ಬೆಳಗ್ಗೆ ಹೆದ್ದಾರಿಯಲ್ಲಿ ಟ್ಯಾಂಕರ್ ಉರುಳಿ ರಸ್ತೆ ಮುಚ್ಚಿತ್ತು. ವಿಮಾನ ಇಳಿದವರೆಲ್ಲ ಸೂಟ್‌ಕೇಸ್ ಎಳೆದುಕೊಂಡು ರೈಲಿಗೇ ನುಗ್ಗಿದರು. ಟಿಕೆಟ್ಟಿನ ಸಾಲು ಬಾಗಿಲು ದಾಟಿ ಹೊರಗೆ ಹೋಗಿತ್ತು. ಸಾಲಿಲ್ಲದ ಕಿಟಕಿ ಒಂದೇ, ಗಾಲಿಯಕ್ಕನದು. ಒಂಬತ್ತೂವರೆಯ ಹೊತ್ತಿಗೆ ಆ ಕಿಟಕಿಯ ಕಟ್ಟೆಯ ಮೇಲೆ ಒಂದು ತೋರುಬೆರಳು ಹರಿಯಿತು. ಬೆರಳಿನ ಯಜಮಾನ ಅದನ್ನೆತ್ತಿ ದೂಳು ಹತ್ತಿತೇ ಎಂದು ನೋಡಿಕೊಂಡ. ಗಾಲಿಯಕ್ಕನಿಗೆ ಮುಖ ನೋಡುವ ಅಗತ್ಯವೇ ಬೀಳಲಿಲ್ಲ.

"ಮಂಡಿ ನೋವಮ್ಮ, ಸಾಲಲ್ಲಿ ನಿಲ್ಲಕ್ಕಾಗಲ್ಲ. ಹನ್ನೊಂದು ಗಂಟೆಯೊಳಗೆ ಹೋಟೆಲಲ್ಲಿರಬೇಕು. ಈ ಬಾಗಿಲಲ್ಲಿ ಬಿಟ್ಟುಬಿಡು, ನಾನೇ ಹೋಗ್ತೀನಿ" ಅಂದ ಇಸ್ತ್ರಿ.

ವಯಸ್ಸು ಅರವತ್ತರ ಹತ್ತಿರ. ತಲೆಗೂದಲಿಗೆ ಹೊಸದಾಗಿ ಬಣ್ಣ ಬಿದ್ದಿತ್ತು. ಪ್ಯಾಂಟಿನ ಗೆರೆ ಹಾಗೇ ಇತ್ತು. ಸಾಲಿನ ತುದಿಯಿಂದ ಅವನು ಓಡೋಡಿ ಬಂದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಅವನು ಮಾತ್ರ ಅವಳತ್ತ ಕಣ್ಣೆತ್ತಲಿಲ್ಲ. ಸಮವಸ್ತ್ರ ತೊಟ್ಟವರಿಗೂ ಒಂದು ಮುಖ ಇರುತ್ತದೆ ಎಂಬುದು ಅವನಿಗೆ ಅಂದೂ ಗೊತ್ತಿರಲಿಲ್ಲ, ಇಂದೂ ಗೊತ್ತಿರಲಿಲ್ಲ.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅನ್ನುತ್ತಾರಲ್ಲ, ಅಂಥ ಕೋಲೊಂದು ಅವಳ ಮೇಜಿನ ಮೇಲೇ ಇತ್ತು. ಅದರ ಹೆಸರು ನಿಯಮ.

"ಹಾಗೆಲ್ಲ ಬಿಡಕ್ಕಾಗಲ್ಲ ಸರ್. ಮಂಡಿ ನೋವಂದ್ರೆ ಕುರ್ಚೀಲೇ ಹೋಗಬೇಕು. ಇಲ್ಲೊಂದು ಸಹಿ ಹಾಕಿ."

ಅವನು ಓದದೆ ಸಹಿ ಹಾಕಿದ. ನನಗೆ ಸ್ವಂತವಾಗಿ ನಿಲ್ಲಲು, ನಡೆಯಲು ಆಗುವುದಿಲ್ಲ, ಆದ್ದರಿಂದ ಇಳಿಯುವ ಸ್ಟೇಷನ್ನಿನ ಗೇಟು ದಾಟುವವರೆಗೆ ಕುರ್ಚಿ ಬಿಟ್ಟು ಏಳುವುದಿಲ್ಲ ಎಂದು ಆ ಕಾಗದದಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತು. ಹಿಂದೆ ಯಾರೋ ಒಬ್ಬರು ಈಗ ಸರಿಹೋಯ್ತು ಎಂದು ನಡುವೆ ಎದ್ದು, ಹಳಿಯ ಮೇಲೆ ಬಿದ್ದು, ತಳ್ಳುವವಳ ಕೆಲಸ ಹೋಗಿತ್ತು. ಅಂದಿನಿಂದ ಬಂದ ನಿಯಮ ಅದು. ಗಾಲಿಯಕ್ಕ ಅವನನ್ನು ಕೂರಿಸಿ, ಸೊಂಟಕ್ಕೆ ಪಟ್ಟಿ ಬಿಗಿದು, ಸೂಟ್‌ಕೇಸನ್ನು ತೊಡೆಯ ಮೇಲಿಟ್ಟಳು.

ಪ್ಲಾಟ್‌ಫಾರಂನಲ್ಲಿ ರೈಲು ನಿಂತಿತ್ತು. "ಹತ್ತಿಸು, ಹತ್ತಿಸು" ಎಂದು ಇಸ್ತ್ರಿ ಅವಸರ ಮಾಡಿದ. ಬೇರೆ ದಿನವಾಗಿದ್ದರೆ ಅವಳು ಹತ್ತಿಸಿ, ಮುಂದಿನ ಜಂಕ್ಷನ್ನಿಗೆ ಬೋಗಿಯ ಒಳಗಿಂದಲೇ ವಾಕಿಟಾಕಿಯಲ್ಲಿ ಹೇಳುತ್ತಿದ್ದಳು. ಎಲ್ಲರೂ ಹಾಗೇ ಮಾಡುತ್ತಿದ್ದರು. ಇವತ್ತು ನಿಯಮದ ಪುಸ್ತಕದಲ್ಲಿದ್ದ ಹಾಗೆ ಮಾಡಿದಳು. "ಜಂಕ್ಷನ್, ಹಲಗೆ ಹಿಡಿಯೋರು ಇದಾರಾ?" ಎಂದು ಕೇಳಿ, ಉತ್ತರ ಬರುವ ತನಕ ಬ್ರೇಕ್ ಹಾಕಿ ನಿಂತಳು. ಉತ್ತರ ಬರುವಷ್ಟರಲ್ಲಿ ರೈಲು ಹೋಯಿತು. ಎರಡನೆಯದು ಬಂತು, ಕುರ್ಚಿ ನಿಲ್ಲಿಸುವ ಜಾಗದಲ್ಲಿ ಸೂಟ್‌ಕೇಸುಗಳಿದ್ದವು, ಅದೂ ಹೋಯಿತು.

"ಏನಮ್ಮ ಇದು, ಅರ್ಧ ಗಂಟೆ ಆಯ್ತು!"

"ನಿಮ್ಮ ಒಳ್ಳೇದಕ್ಕೇ ಸರ್. ನಿಯಮ."

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಮೂರನೇ ರೈಲಿನಲ್ಲಿ ಊರುಗೋಲು ಹಿಡಿದ ಮುದುಕರೊಬ್ಬರು ತಾವು ಎದ್ದು ಸರಿದು ಇವನ ಕುರ್ಚಿಗೆ ಜಾಗ ಮಾಡಿಕೊಟ್ಟರು. "ಪಾಪ, ಮಂಡಿ ನೋವಾ? ನಂದೂ ಅದೇ ಕತೆ. ಬಿಸಿನೀರು ಬಾಟಲಿ ಇಟ್ಕೊಳ್ಳಿ, ಎರಡು ಹೊತ್ತೂ" ಎಂದು ನಿಂತುಕೊಂಡೇ ಉಪದೇಶ ಮಾಡಿದರು. ಅಕ್ಕಪಕ್ಕದವರೆಲ್ಲ ಅಯ್ಯೋ ಪಾಪ ಅಂದರು. ಅಷ್ಟು ಜನರ ಅಯ್ಯೋ ಪಾಪದ ನಡುವೆ ಇನ್ನು ಎದ್ದು ನಿಲ್ಲುವುದಾದರೂ ಹೇಗೆ? ಇಸ್ತ್ರಿ ಹಲ್ಲು ಗಿಂಜಿ ಕೂತ.

ಅವನ ಫೋನು ಬಡಿದುಕೊಳ್ಳುತ್ತಲೇ ಇತ್ತು. ಅವನು ಆಡಿದ ಮಾತುಗಳಲ್ಲೇ ಗಾಲಿಯಕ್ಕನಿಗೆ ವಿಷಯವೆಲ್ಲ ತಿಳಿಯಿತು. ಅವನೀಗ ಇಡೀ ಹೋಟೆಲಿನ ಮ್ಯಾನೇಜರು. ಹೋಟೆಲು ಬೇರೆಯವರ ಕೈಗೆ ಹೋಗಿತ್ತು. ವಯಸ್ಸಾದವರನ್ನು, ಕೈಲಾಗದವರನ್ನು ಮನೆಗೆ ಕಳಿಸುತ್ತೇವೆ ಎಂದು ಹೊಸ ಯಜಮಾನಿ ಮೊದಲೇ ಹೇಳಿದ್ದಳು, ಹನ್ನೊಂದಕ್ಕೆ ಅದರ ತೀರ್ಮಾನ. ರಸ್ತೆ ಮುಚ್ಚಿ ಮ್ಯಾನೇಜರು ರೈಲಿನಲ್ಲಿ ಬರುತ್ತಿದ್ದಾರೆ ಎಂದು ಕೇಳಿ, ಗಿರಾಕಿಗಳು ರೈಲಿನಲ್ಲಿ ಹೇಗೆ ಬರುತ್ತಾರೆ ನೋಡೋಣ ಎಂದು ಆ ಯಜಮಾನಿ ಸ್ವತಃ ಇಳಿಯುವ ಸ್ಟೇಷನ್ನಿಗೇ ಬರುವವಳಿದ್ದಳು. ಅದನ್ನು ಕೇಳಿದ ಮೇಲೆ ಇಸ್ತ್ರಿಯ ಮುಖ ಸುಟ್ಟ ಬದನೆಕಾಯಿಯಂತಾಯಿತು.

ಮತ್ತೆ ಫೋನು ಬಂತು. ಯಾವುದೋ ರೂಮಿನಲ್ಲಿ ಯಾರದೋ ಕೈಗಡಿಯಾರ ಕಳೆದಿತ್ತು. "ಹುಡುಕ್ತಾ ಕೂರಬೇಡ. ಆ ಮಹಡಿಯವಳು ಯಾರಿದಾಳೋ ಅವಳನ್ನ ಗೆಸ್ಟ್ ಮುಂದೇನೇ ಕಳಿಸ್ಬಿಡು" ಎಂದು ಅಪ್ಪಣೆ ಕೊಟ್ಟು ಇಟ್ಟ.

ಗಾಲಿಯಕ್ಕ ಅವನ ಕಿವಿಯತ್ತ ಬಗ್ಗಿದಳು. "ಅವಳೇ ತಗೊಂಡಿರ‍್ತಾಳಾ ಸರ್?" ಎಂದು ಮೆಲ್ಲಗೆ ಕೇಳಿದಳು.

"ತಗೊಂಡಿರ‍್ಲಿ, ಬಿಡ್ಲಿ. ಗೆಸ್ಟ್‌ಗೆ ಸಮಾಧಾನ ಆಗಬೇಕಮ್ಮ. ಇದು ನಿಮಗೆಲ್ಲ ಗೊತ್ತಾಗಲ್ಲ." ಬೇಸರ ಕಳೆಯಲು ಅವನಿಗೂ ಒಂದು ಕಿವಿ ಬೇಕಿತ್ತು. "ಒಂದ್ಸಲ ಒಬ್ರ ಉಂಗುರ ಕಳೀತು. ಗಲಾಟೆ ಅಂದ್ರೆ ಗಲಾಟೆ. ಕೆಲಸದವಳನ್ನ ಅಲ್ಲೇ ತೆಗೆದೆ, ಆಯಮ್ಮ ತಣ್ಣಗಾದ್ರು. ಮೂರನೇ ದಿನ ನೋಡಿದ್ರೆ ಉಂಗುರ ಕೈ ತೊಳೆಯೋ ತೊಟ್ಟಿ ಪೈಪಲ್ಲಿ! ಕಳಿಸಿಕೊಟ್ಟೆ. ಎಷ್ಟು ಚೆನ್ನಾಗಿ ಒಂದು ಪತ್ರ ಬರೆದ್ರು ಗೊತ್ತಾ? ಇವತ್ತಿಗೂ ನನ್ನ ರೂಮಲ್ಲಿ ಫ್ರೇಮ್ ಹಾಕಿ ಇಟ್ಟಿದೀನಿ."

"ಆ ಕೆಲಸದವಳು?"

"ಯಾರು?" ಅವನಿಗೆ ಒಂದು ಕ್ಷಣ ತಿಳಿಯಲಿಲ್ಲ. "ಓ, ಅವಳಾ. ಕರೆದ್ರೆ ತಪ್ಪು ನಮ್ದು ಅಂತ ಒಪ್ಪಿಕೊಂಡ ಹಾಗಾಗುತ್ತಲ್ಲಮ್ಮ. ಅಂಥವರಿಗೆ ಎಲ್ಲಾದ್ರೂ ಕೆಲಸ ಸಿಗುತ್ತೆ."

ಮೂರನೇ ದಿನ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದಲ್ಲದೆ, ಬರೆ ತಪ್ಪಾಯಿತು ಎಂದು ಮೂರೇ ದಿನದಲ್ಲಿ ಗೊತ್ತಾದರೂ ಬಾಯಿ ಮುಚ್ಚಿಕೊಂಡಿದ್ದ ಪುಣ್ಯಾತ್ಮ. ಕುರ್ಚಿಯ ಹಿಡಿಕೆಯನ್ನು ಗಾಲಿಯಕ್ಕ ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ, ಜಂಕ್ಷನ್ ಬಂದಾಗ ಬೆರಳು ಬಿಡಿಸಲು ಕಷ್ಟಪಟ್ಟಳು.

ಜಂಕ್ಷನ್ನಿನಲ್ಲಿ ಬೇರೆ ಮಾರ್ಗದ ರೈಲು ಹಿಡಿಯಬೇಕು. ಲಿಫ್ಟಿನ ಬಾಗಿಲು ಮುಚ್ಚಿಕೊಂಡಿತು, ಒಳಗೆ ಅವರಿಬ್ಬರೇ. ಗಾಲಿಯಕ್ಕ ಕುರ್ಚಿಯನ್ನು ತನ್ನ ಕಡೆಗೆ ತಿರುಗಿಸಿದಳು.

"ಆ ಕೆಲಸದವಳು ನಾನೇ ಸರ್."

ಅವನು ಮೊದಲ ಸಲ ಮುಖ ನೋಡಿದ. ಬಿಲ್ಲೆ ನೋಡಿದ, ಹೆಸರು ನೆನಪಾಗಲಿಲ್ಲ. ಆಮೇಲೆ ಏನೋ ಹೊಳೆದಂತಾಗಿ, "ನೀನಾ! ಒಳ್ಳೇದೇ ಆಯ್ತಲ್ಲಮ್ಮ, ರೈಲ್ವೆ ಕೆಲಸ ಸಿಕ್ತು" ಅಂದ.

ಅವಳಿಗೆ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಬಾರಿಸಲಿಲ್ಲ. ಕೈಗಡಿಯಾರ ತೋರಿಸಿದಳು. "ಹತ್ತು ಐವತ್ತು. ಇನ್ನು ಎರಡೇ ಸ್ಟೇಷನ್. ಅಲ್ಲಿ ನಿಮ್ಮ ಯಜಮಾನಿ ನಿಂತಿದಾರೆ. ಕುರ್ಚೀಲಿ ಇಳಿದ್ರೆ ಕೈಲಾಗದವರು ಅಂತಾರೆ. ಎದ್ದು ನಡೆದ್ರೆ, ಸುಳ್ಳು ಬರೆದುಕೊಟ್ಟಿದಾರೆ ಅಂತ ನಾನು ಕಾಗದ ತೋರಿಸ್ತೀನಿ. ಯಾವುದು ಬೇಕು ಹೇಳಿ."

"ನೋಡಮ್ಮ... ನಿನಗೇನು ಬೇಕು?"

"ಒಂದು ಮಾತು. ನಮ್ಮತ್ತೆಗೆ ಫೋನ್ ಮಾಡ್ತೀನಿ. ನಾನು ಕದ್ದಿರಲಿಲ್ಲ ಅಂತ ಹೇಳಿ. ಹೇಳಿದ್ರೆ 'ಮಂಡಿ ಸರಿಹೋಯ್ತು' ಅಂತ ಕಾಗದ ಹರಿದು ನಿಮ್ಮ ಕೈಗೇ ಕೊಡ್ತೀನಿ."

ಜಂಕ್ಷನ್ನಿನಿಂದ ಹೊರಟ ರೈಲಿನಲ್ಲಿ, ಬಾಗಿಲ ಪಕ್ಕದ ಮೂಲೆಯಲ್ಲಿ ನಿಂತು, ಅವಳು ಮನೆಗೆ ಫೋನು ಹಚ್ಚಿ ಸ್ಪೀಕರ್ ಒತ್ತಿದಳು. ಈ ಒಂದು ನಿಮಿಷಕ್ಕಾಗಿ ಎಷ್ಟು ಸಲ ಸತ್ತು ಹುಟ್ಟಿದ್ದಳೋ ಅವಳಿಗೇ ಗೊತ್ತು. "ಅತ್ತೆ, ಹೋಟೆಲ್ ಮ್ಯಾನೇಜರ್ ಮಾತಾಡ್ತಾರೆ. ಕೇಳಿಸ್ಕೊಳ್ಳಿ."

ಇಸ್ತ್ರಿ ಗಂಟಲು ಸರಿಮಾಡಿಕೊಂಡ. "ನೋಡಿ ಅಮ್ಮ, ನಿಮ್ಮ ಸೊಸೆ ಆ ಉಂಗುರ ಕದ್ದಿರಲಿಲ್ಲ. ಅದು ಆಮೇಲೆ ಸಿಕ್ಕಿತು. ತಪ್ಪು ನಮ್ಮದೇ."

ಆ ಕಡೆಯಿಂದ ಅತ್ತೆ ಕೆಮ್ಮಿದರು. "ಹೂಂ, ಆ ಪೈಪಲ್ಲಿ ಸಿಕ್ಕಿತ್ತಲ್ಲ, ಅದೇ ತಾನೇ? ಅದನ್ನ ಹೇಳೋಕೆ ಈಗ ಫೋನ್ ಮಾಡಿದೀರಾ?"

ಪೈಪಿನ ಮಾತನ್ನು ಇಸ್ತ್ರಿ ಎತ್ತಿರಲಿಲ್ಲ. ಗಾಲಿಯಕ್ಕ ಫೋನನ್ನು ಬಾಯಿಯ ಹತ್ತಿರ ತಂದಳು. "ಪೈಪು ಅಂತ ನಿಮಗೆ ಯಾರು ಹೇಳಿದ್ದು ಅತ್ತೆ?"

"ಹೋಟೆಲಲ್ಲಿ ಬಟ್ಟೆ ಒಗೀತಿದ್ದೋಳು ಬಂದಿದ್ಲು, ಆ ವಾರಾನೇ. ನೀನು ಕೆಲಸ ಹುಡುಕ್ಕೊಂಡು ಹೋಗಿದ್ದೆ. ಹೇಳೋಣ ಅಂತಿದ್ದೆ ಕಣೇ, ಮರೆತುಹೋಯ್ತು."

"ಹನ್ನೊಂದು ವರ್ಷ ಮರೆತುಹೋಯ್ತಾ?"

"ಈಗೇನಾಯ್ತು ಅಂತ? ನೀನೂ ತೆಪ್ಪಗಿದ್ದೆ, ಮನೇಲಿ ಒಂದು ಜಗಳ ಇಲ್ಲ, ಜಂಜಾಟ ಇಲ್ಲ. ಚೆನ್ನಾಗೇ ನಡೀತಿತ್ತಲ್ಲ. ಬರ‍್ತಾ ನನ್ನ ಮಾತ್ರೆ ತಗೊಂಬಾ." ಫೋನು ಕಟ್ಟಾಯಿತು.

ಹೊರಗಿನವನೊಬ್ಬ ಮೂರು ದಿನಕ್ಕೆ ಮರೆತಿದ್ದ. ಅವನಿಗೆ ಇವಳು ಯಾವ ಊರ ದಾಸಯ್ಯ? ಆದರೆ ದಿನಾ ಬೆಳಗ್ಗೆ ಇವಳ ಕೊರಳಿಗೆ ಕೈಹಾಕಿ ಏಳುತ್ತಿದ್ದ ಹೆಂಗಸು, ಇವಳು ಕಳ್ಳಿಯಲ್ಲ ಎಂದು ಗೊತ್ತಿದ್ದೇ ಬೀಗದ ಕೈ ದಿಂಬಿನ ಕೆಳಗಿಟ್ಟುಕೊಂಡಿದ್ದಳು. ಗೊತ್ತಿದ್ದೇ ಮುಖ ನೋಡಿ ನಕ್ಕಿದ್ದಳು. ಸೊಸೆಯ ತಲೆ ತಗ್ಗಿದ್ದು ಅವಳಿಗೆ ಅನುಕೂಲವಾಗಿತ್ತು. ಅಷ್ಟು ವರ್ಷ ಗಾಲಿಯಕ್ಕ ಸೇಡು ತೀರಿಸಲು ತಪ್ಪು ಮನೆಯ ದಾರಿ ಹುಡುಕಿದ್ದಳು.

ರೈಲು ನಿಂತಿತು. ಇಸ್ತ್ರಿ ಸೊಂಟದ ಪಟ್ಟಿ ಬಿಚ್ಚಿಕೊಂಡು ಏಳಲು ಹೋದ. ಅವಳು ಹೆಗಲ ಮೇಲೆ ಕೈಯಿಟ್ಟು ಕೂರಿಸಿದಳು.

"ನಾನು ಹೇಳಿದೆನಲ್ಲಮ್ಮ! ಕಾಗದ ಕೊಡು!"

"ನೀವು ಹೇಳೋಕೆ ಮುಂಚೇನೇ ಅವರಿಗೆ ಗೊತ್ತಿತ್ತಂತೆ. ಹಾಗಾಗಿ ನಿಮ್ಮ ಮಾತು ಯಾವ ಉಪಯೋಗಕ್ಕೂ ಬರಲಿಲ್ಲ ಸರ್. ಕೂತ್ಕೊಳ್ಳಿ."

ಹಲಗೆ ಬಿತ್ತು. ಗೇಟಿನ ಆಚೆ ಸಣ್ಣ ವಯಸ್ಸಿನ ಯಜಮಾನಿ ಇಬ್ಬರು ನೌಕರರ ಜೊತೆ ನಿಂತಿದ್ದಳು. ಗಾಲಿಯಕ್ಕ ಕುರ್ಚಿಯನ್ನು ಗೇಟು ದಾಟಿಸಿ ನೇರ ಅವಳ ಮುಂದೆ ನಿಲ್ಲಿಸಿ, ಕಾಗದ ಚಾಚಿದಳು. "ಇವರಿಗೆ ಸ್ವಂತ ನಿಲ್ಲಕ್ಕೂ ಆಗಲ್ಲ, ನಡೆಯಕ್ಕೂ ಆಗಲ್ಲ ಮೇಡಂ, ಬರೆದುಕೊಟ್ಟಿದಾರೆ. ಒಪ್ಪಿಸಿಕೊಂಡೆ ಅಂತ ಒಂದು ಸಹಿ ಹಾಕಿ."

"ಇಲ್ಲ ಮೇಡಂ, ನಾನು ಚೆನ್ನಾಗಿದೀನಿ!" ಇಸ್ತ್ರಿ ಚಂಗನೆ ಎದ್ದು ನಿಂತ.

ಯಜಮಾನಿ ಕಾಗದ ಓದಿದಳು, ಅವನ ಕಾಲು ನೋಡಿದಳು. "ನಡೆಯೋಕೆ ಬರುತ್ತೆ ಅಂದ್ರೆ ಇದಕ್ಕೆ ಯಾಕೆ ಸಹಿ ಹಾಕಿದ್ರಿ?"

ಅವನು ಸೂಟ್‌ಕೇಸನ್ನು ಮಂಡಿಗೆ ಅಡ್ಡ ಹಿಡಿದುಕೊಂಡು ಹಲ್ಲು ಗಿಂಜಿದ. ಹನ್ನೊಂದು ವರ್ಷ ಗಾಲಿಯಕ್ಕ ಕನಸು ಕಂಡಿದ್ದ ಮುಖಭಾವ ಅದೇ. ಅದನ್ನು ಪೂರ್ತಿ ನೋಡಲೂ ಅವಳು ನಿಲ್ಲಲಿಲ್ಲ. ಮಾತಿಗೆ ತಪ್ಪಿದೆನಲ್ಲ ಎಂಬ ಬೇಸರ ಎಳ್ಳಷ್ಟೂ ಆಗಲಿಲ್ಲ. ಖಾಲಿ ಕುರ್ಚಿ ತಳ್ಳಿಕೊಂಡು ಹಿಂದಿರುಗಿ, ಪಾಳಿ ಮುಗಿಯುವ ತನಕ ಇನ್ನೂ ನಾಲ್ಕು ಜನರನ್ನು ಜೋಪಾನವಾಗಿ ಹತ್ತಿಸಿ ಇಳಿಸಿದಳು. ಬರುವ ದಾರಿಯಲ್ಲಿ ಅತ್ತೆಯ ಮಾತ್ರೆಯನ್ನೂ ತಂದಳು.

"ಬಂದ್ಯಾ? ಎಷ್ಟೊತ್ತೇ! ಎತ್ತು ಬೇಗ, ತಡ್ಕೊಳ್ಳಕ್ಕಾಗ್ತಿಲ್ಲ" ಎಂದು ಅತ್ತೆ ಎರಡೂ ಕೈ ಚಾಚಿದರು.

ಗಾಲಿಯಕ್ಕ ಮಾತ್ರೆಯನ್ನು ಮೇಜಿನ ಮೇಲಿಟ್ಟಳು. ಕುರ್ಚಿಯೊಂದನ್ನು ಎಳೆದು, ಆ ಕೈಗೆ ಎಟುಕದಷ್ಟು ದೂರದಲ್ಲಿ ಹಾಕಿ ಕೂತಳು. ನಾದಿನಿಗೆ ಫೋನು ಹಚ್ಚಿ, ಸ್ಪೀಕರ್ ಒತ್ತಿ, ಹಾಸಿಗೆಯ ಅಂಚಿನಲ್ಲಿಟ್ಟಳು.

"ಏನತ್ತಿಗೆ, ಈ ಹೊತ್ತಲ್ಲಿ?" ಅಂದಳು ನಾದಿನಿ.

"ನಿಮ್ಮಮ್ಮ ನಿಮಗೊಂದು ವಿಷಯ ಹೇಳೋದು ಮರೆತಿದ್ರಂತೆ. ಈಗ ಹೇಳ್ತಾರೆ."

ಅತ್ತೆಯ ಮುಖ ಬಿಳಿಚಿತು. "ಮೊದಲು ಎತ್ತೇ. ಆಮೇಲೆ ಮಾತು."

"ಮೊದಲು ಮಾತು ಅತ್ತೆ. ಆಮೇಲೆ ಎತ್ತೋದು."

ಅತ್ತೆ ಸೊಸೆಯ ಮುಖ ನೋಡಿದರು. ಬಚ್ಚಲ ಬಾಗಿಲು ನೋಡಿದರು. "ಅಮ್ಮಾ, ಏನಾಯ್ತಮ್ಮಾ?" ಎಂದು ಫೋನು ಕೇಳುತ್ತಲೇ ಇತ್ತು. ಅವರ ಕಣ್ಣಲ್ಲಿ ನೀರು ಬಂತು. ಕೊನೆಗೆ ಹಾಸಿಗೆಯ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದು, "ಇವಳು... ಕದ್ದಿರಲಿಲ್ಲ ಕಣೇ. ನಂಗೆ ಗೊತ್ತಿತ್ತು" ಎಂದು ಗೊಣಗಿದರು.

ಗಾಲಿಯಕ್ಕ ಏಳಲಿಲ್ಲ.

"ಕೇಳಿಸಲಿಲ್ಲ ಅತ್ತೆ" ಅಂದಳು. "ಇನ್ನೊಂದು ಸಲ, ಗಟ್ಟಿಯಾಗಿ ಹೇಳಿ."